ಸ್ಮಾರ್ಟ್ ಕ್ಲಾಸ್ ಕೋಣೆಯ ಕೀಲಿಕೈ ಯಾರ ಹತ್ತಿರ ಇರಬೇಕು?

ರಾಯಚೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ಸ್ಮಾರ್ಟ್ ಕ್ಲಾಸ್ ಕೂಡಿಸಿ, ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ನಮ್ಮದು. ಪ್ಯಾನೆಲ್ (ಪಾಠ ತೋರಿಸುವ ದೊಡ್ಡ ಪರದೆ) ಯಾವ ಕಂಪನಿಯದು ಎಂದು ಮುಖ್ಯ ಗುರುಗಳು ಮೊದಲು ಕೇಳುತ್ತಾರೆ. ನಾವು ಮೊದಲು ಕೇಳುವುದು, ಆ ಕೋಣೆಯ ಕೀಲಿಕೈ ಎಲ್ಲಿರುತ್ತದೆ ಅಂತ.

ಕೀಲಿಕೈ ಮುಖ್ಯ ಗುರುಗಳ ಕಪಾಟಿನಲ್ಲಿದ್ದರೆ, ಅವರು ಮೀಟಿಂಗಿಗೆ ಹೋದ ದಿನ ಕೋಣೆ ಬಂದ್. ಎರಡು ಸಲ ಹೀಗಾದರೆ ಶಿಕ್ಷಕರು ಕೇಳುವುದನ್ನೇ ಬಿಡುತ್ತಾರೆ. ಆದರೆ ಮುಖ್ಯ ಗುರುಗಳ ಅಂಜಿಕೆಯೂ ಸುಳ್ಳಲ್ಲ, ದಾಸ್ತಾನು ವಹಿಯಲ್ಲಿ ಸಹಿ ಇರುವುದು ಅವರದೇ. ಅದಕ್ಕೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಠರಾವು ಮಾಡಿಸಿ: ಪಾಠ ಮಾಡುವಾಗ ಕೆಟ್ಟರೆ ಶಾಲೆಯೇ ರಿಪೇರಿ ಮಾಡಿಸುತ್ತದೆ, ಶಿಕ್ಷಕರ ಮೇಲೆ ಹಾಕುವುದಿಲ್ಲ. ಒಂದು ಕೀಲಿಕೈ ಕಚೇರಿಯಲ್ಲಿರಲಿ, ಇನ್ನೊಂದು ಸ್ಟಾಫ್ ರೂಮಿನ ಮೊಳೆಗೆ ತೂಗಲಿ. ಜೊತೆಗೊಂದು ನೋಟ್‌ಬುಕ್: ತಾರೀಖು, ಶಿಕ್ಷಕರ ಹೆಸರು, ತರಗತಿ ಮತ್ತು ಪಾಠ, ಎಷ್ಟು ನಿಮಿಷ, ಏನು ತೊಂದರೆ. ಶನಿವಾರ ಮುಖ್ಯ ಗುರುಗಳು ನೋಡಿ ಸಹಿ ಮಾಡಬೇಕು. ಮೂರು ತಿಂಗಳಾದ ಮೇಲೆ ಯಾರ ಹೆಸರು ಅದರಲ್ಲಿ ಬಂದೇ ಇಲ್ಲವೋ ಅವರ ಪಕ್ಕ ಕೂತು ಕಾರಣ ಕೇಳಿ. ನೋಟೀಸು ಕೊಟ್ಟರೆ ನೋಟ್‌ಬುಕ್‌ನಲ್ಲಿ ಸುಳ್ಳು ಬರವಣಿಗೆ ಶುರುವಾಗುತ್ತದೆ.

ಇನ್ನು ಕರೆಂಟು. ನಮ್ಮ ಕಡೆ ಅರ್ಧ ಸ್ಮಾರ್ಟ್ ಕ್ಲಾಸ್ ಕೆಡುವುದು ಇಲ್ಲೇ. ಕರೆಂಟು ಹೋದಾಗ ಕೋಣೆ ನಡೆಯುವುದು ಇನ್ವರ್ಟರಿನ ಬ್ಯಾಟರಿಯ ಮೇಲೆ. 12 ವೋಲ್ಟ್, 150 ಎಎಚ್ (ಆಂಪಿಯರ್‌ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್‌ಅವರ್. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ವರ್ಟರಿನಲ್ಲೂ ಒಂದಿಷ್ಟು ಹೋಗುತ್ತದೆ. ಕೈಗೆ ಸಿಗುವುದು 700ರ ಆಸುಪಾಸು. ಪ್ಯಾನೆಲ್, ಕಂಪ್ಯೂಟರ್, ಸ್ಪೀಕರ್ ಸೇರಿ 220 ವಾಟ್ ಎಳೆದರೆ ಮೂರು ತಾಸು. ಅದೇ ಲೈನಿಗೆ ಕಚೇರಿಯ ಫ್ಯಾನು, ನೀರಿನ ಫಿಲ್ಟರು ಸೇರಿಸಿದರೋ, ಎರಡನೇ ಪಿರಿಯಡ್ ಮುಗಿಯುವುದರೊಳಗೆ ಇನ್ವರ್ಟರ್ ಕೂಗಲು ಶುರು. ಸ್ಮಾರ್ಟ್ ಕ್ಲಾಸಿಗೆ ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬೇಕೇ ಬೇಕು.

ಬಿಸಿಲಿನ ಲೆಕ್ಕ ಬೇರೆ. ಲೆಡ್ ಆಸಿಡ್ ಬ್ಯಾಟರಿಗೆ ಹಿತವಾದ ಶಾಖ 25 ಡಿಗ್ರಿ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ 40 ದಾಟುವ ಊರುಗಳಲ್ಲಿ ಅದನ್ನು ತಗಡಿನ ಕೋಣೆಯಲ್ಲೋ ಪಡುವಣ ಗೋಡೆಗೆ ತಾಗಿಸಿಯೋ ಇಡಬಾರದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರು ಒಂದು ಸಲ ಬಿದ್ದರೂ ಅದರ ಉಪ್ಪು ಒಳಗೇ ಉಳಿದು ಪ್ಲೇಟು ಹಾಳಾಗುತ್ತದೆ. ಎರಿ (ಕಪ್ಪು ಮಣ್ಣಿನ) ಭೂಮಿಯ ಊರುಗಳಲ್ಲಿ ಅರ್ಥಿಂಗ್ ಕೂಡ ನೋಡಿಕೊಳ್ಳಿ. ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ರಾಡಿಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ, ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿಸಿ.

ಪಾಸ್‌ವರ್ಡಿನ ವಿಷಯ ಸಣ್ಣದು ಅನ್ನಿಸುತ್ತದೆ, ಸಣ್ಣದಲ್ಲ. ಶಾಲೆಯ ಗೂಗಲ್ ಖಾತೆಯನ್ನು ಯಾರೋ ಒಬ್ಬ ಶಿಕ್ಷಕರ ಸ್ವಂತ ಮೊಬೈಲ್ ನಂಬರಿಗೆ ಮಾಡಿರುತ್ತಾರೆ. ಅವರಿಗೆ ವರ್ಗಾವಣೆ ಆದ ಮೇಲೆ ಓಟಿಪಿ ಅವರಿಗೇ ಹೋಗುತ್ತದೆ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದರೆ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಪ್ರಿಂಟ್ ತೆಗೆದು ಲಕೋಟೆಯಲ್ಲಿ ಮುಚ್ಚಿ ಕಪಾಟಿನಲ್ಲಿಡಿ. ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಕುರ್ಚಿ, ಟೇಬಲ್ಲಿನ ಜೊತೆಗೆ ಈ ಲಕೋಟೆಗೂ ಒಂದು ಸಾಲು ಇರಲಿ.

ಟೈಮ್ ಟೇಬಲ್ಲಿನಲ್ಲಿ ಬರೆಯದೆ "ಬೇಕಾದಾಗ ಬಳಸಿ" ಎಂದರೆ ಯಾರೂ ಬಳಸುವುದಿಲ್ಲ. ಪ್ರತಿ ಸೆಕ್ಷನ್ನಿಗೆ ವಾರಕ್ಕೆ ಎರಡು ಪಿರಿಯಡ್ ಗೊತ್ತು ಮಾಡಿ, ಮೊದಲಿಗೆ ವಿಜ್ಞಾನ ಮತ್ತು ಗಣಿತಕ್ಕೆ. 40 ನಿಮಿಷದಲ್ಲಿ ಮಕ್ಕಳು ಎದ್ದು ಬಂದು ಕೂರಲು ಐದು, ಯಂತ್ರ ಚಾಲೂ ಆಗಲು ಮೂರು ನಿಮಿಷ ಹೋಗುತ್ತದೆ. ಹತ್ತನೇ ತರಗತಿಯ ಇಬ್ಬರಿಗೆ ಆನ್, ಆಫ್ ಕಲಿಸಿದರೆ ಈ ಮೂರು ನಿಮಿಷ ಉಳಿಯುತ್ತದೆ.

ಇಂಟರ್ನೆಟ್ ನಂಬಿ ಪಾಠಕ್ಕೆ ಹೋಗಬೇಡಿ. ಸರ್ಕಾರದ ಪಾಠಗಳ ಆ್ಯಪ್ ದೀಕ್ಷಾದ ವೀಡಿಯೊಗಳನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಗಡಿ ಭಾಗದಲ್ಲಿ ಮನೆಯಲ್ಲಿ ತೆಲುಗು, ಉರ್ದು, ತಾಂಡಾದಲ್ಲಿ ಲಂಬಾಣಿ ಆಡುವ ಮಕ್ಕಳಿಗೆ ವೀಡಿಯೊದ ಪುಸ್ತಕದ ಕನ್ನಡ ಓಡಿದಂತೆ ಕೇಳುತ್ತದೆ. ಕಣ್ಣಿನ ಮಸೂರದ ಪಾಠವಿದ್ದರೆ ಎರಡು ನಿಮಿಷ ತೋರಿಸಿ, ನಿಲ್ಲಿಸಿ, ಚಿತ್ರ ಹಾಗೇ ಇರುವಾಗ ಒಂದು ಮಗುವನ್ನು ಪರದೆಯ ಹತ್ತಿರ ಕರೆದು ಬೆಳಕು ಎಲ್ಲಿ ಬಾಗಿತು ಎಂದು ಬೆರಳಿಟ್ಟು ತೋರಿಸಲು ಹೇಳಿ. ತರಬೇತಿಯಲ್ಲಿ ನಾವು ಅತಿ ಹೆಚ್ಚು ಹೊತ್ತು ಕೊಡುವುದು ಈ ನಿಲ್ಲಿಸುವ ಅಭ್ಯಾಸಕ್ಕೆ.

ಬೇಸಿಗೆ ರಜೆ ಬಿಡುವ ದಿನ ಪ್ಯಾನೆಲ್ಲಿನ ಪ್ಲಗ್ ಕಿತ್ತಿಡಿ, ಮುಂಗಾರಿಗೆ ಮೊದಲಿನ ಸಿಡಿಲು ಬಡಿಯುವುದು ಆಗಲೇ. ಊರಲ್ಲೇ ಇರುವ ಒಬ್ಬರು ಇಪ್ಪತ್ತು ದಿನಕ್ಕೊಮ್ಮೆ ಬಂದು ಬ್ಯಾಟರಿ ಚಾರ್ಜಿಗೆ ಹಚ್ಚಬೇಕು; ಯಾರು ಅನ್ನುವುದನ್ನು ಆ ದಿನವೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು ಸಹಿ ತಗೊಳ್ಳಿ.