ಸಂಕಟವಾಗುವುದನ್ನು ಯಾಕೆ ನೋಡುತ್ತೀರಿ?

ದುಡ್ಡು ಕೊಟ್ಟು, ನಿದ್ದೆ ಕೆಡಿಸಿಕೊಂಡು ಇಂಥದ್ದನ್ನೆಲ್ಲ ಯಾಕೆ ನೋಡುತ್ತೀರಿ ಎಂದು ನನ್ನನ್ನು ಕೇಳದವರು ಕಡಿಮೆ. ಇಂಥದ್ದು ಎಂದರೆ, ಕಲಾವಿದರು ತಮ್ಮ ಮೈಯನ್ನೇ ನೋವಿಗೂ ಅಪಾಯಕ್ಕೂ ಒಡ್ಡಿಕೊಳ್ಳುವ ಪರ್ಫಾರ್ಮೆನ್ಸ್ ಆರ್ಟ್ ಪ್ರದರ್ಶನಗಳು, ಮತ್ತು ಮುಗಿದ ಮೇಲೂ ಎರಡು ದಿನ ಊಟ ರುಚಿಸದಂತೆ ಮಾಡುವ ಸಿನಿಮಾಗಳು. ಹೆಚ್ಚಿನವರು ಕೇಳಿ, ನಕ್ಕು, ಬೇರೆ ಮಾತಿಗೆ ಹೋಗುತ್ತಾರೆ. ಆದರೆ 30 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾಗಿರುವ ನನ್ನ ಅಕ್ಕ ಅಷ್ಟಕ್ಕೆ ಬಿಡುವವಳಲ್ಲ. ಯಾರಾದರೂ ಸಂಕಟಪಡುತ್ತಿದ್ದರೆ ಎದ್ದು ಹೋಗಿ ಏನಾದರೂ ಮಾಡಬೇಕು, ಕೂತು ನೋಡುವುದು ಎಂದರೆ ಏನು ಎಂಬುದು ಅವಳ ತಕರಾರು. ನನ್ನ ಉತ್ತರ ಮುಖ್ಯವಾಗಿ ಅವಳಿಗೆ.

ಮೊದಲು ಒಂದು ಸಿದ್ಧ ಉತ್ತರವನ್ನು ಪಕ್ಕಕ್ಕಿಡುತ್ತೇನೆ. ಭಯಾನಕವಾದದ್ದನ್ನು ನೋಡಿದರೆ ಒಳಗಿನ ಭಯ ತೊಳೆದುಹೋಗಿ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಒಮ್ಮೆಯೂ ಹಾಗಾಗಿಲ್ಲ. ಹಗುರಾಗಬೇಕೆಂದಿದ್ದರೆ ನಾನು ಲಾಲ್‌ಬಾಗಿಗೆ ಹೋಗುತ್ತಿದ್ದೆ.

ಚಿಕ್ಕಂದಿನಲ್ಲಿ ನಮ್ಮೂರ ಬಯಲಾಟದಲ್ಲಿ ದುಶ್ಶಾಸನನ ವಧೆಯನ್ನು ನೋಡಿದ್ದೇನೆ. ಭೀಮ ಅವನ ಎದೆಯ ಮೇಲೆ ಕುಳಿತು ಹೊಟ್ಟೆ ಬಗೆಯುವಾಗ ಕರುಳಾಗಿ ಹೊರಬರುತ್ತಿದ್ದದ್ದು ಕೆಂಪು ಬಟ್ಟೆ ಎಂಬುದು ನಮಗೆಲ್ಲ ತಿಳಿದಿದ್ದರೂ ಮೈ ನಡುಗುತ್ತಿತ್ತು. ಆದರೆ ಆ ನಡುಕದಲ್ಲಿ ಒಂದು ಬಗೆಯ ನಿಶ್ಚಿಂತೆಯೂ ಇತ್ತು. ಚೆಂಡೆಯ ಪೆಟ್ಟು, ಭಾಗವತರ ಪದ್ಯ, ಎಂಟು ಹತ್ತು ಸಲ ಕೇಳಿದ ಕಥೆ, ಇವೆಲ್ಲ ಸೇರಿ ನಮ್ಮನ್ನು ಆ ರಕ್ತದಿಂದ ತಕ್ಕಷ್ಟು ದೂರದಲ್ಲಿ ಹಿಡಿದಿರುತ್ತಿದ್ದವು. ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ 8 ರಸಗಳಲ್ಲಿ ಭಯಾನಕವೂ ಬೀಭತ್ಸವೂ ಸೇರಿವೆ ಎಂದಮೇಲೆ ಹೆದರಿಕೆ ಮತ್ತು ಜುಗುಪ್ಸೆಗಳಿಗೆ ನಮ್ಮ ಪರಂಪರೆಯಲ್ಲಿ ಪಂಕ್ತಿಯಲ್ಲೇ ಎಲೆ ಹಾಕಲಾಗಿದೆ, ಅವು ಹಿತ್ತಲಲ್ಲಿ ನಿಂತ ಅತಿಥಿಗಳಲ್ಲ. ಆದರೆ ರಸವಾಗಬೇಕಾದರೆ ಒಂದು ಕರಾರು ಇದೆ. ವೇದಿಕೆಯ ದುಃಖ ಇವನದೂ ಅಲ್ಲ, ನನ್ನದೂ ಅಲ್ಲ ಎನ್ನಿಸುವಂತೆ ಸಾಧಾರಣೀಕರಣವಾಗಬೇಕು. ನೋಡುವವನಿಗೆ ತನ್ನ ಸ್ವಂತದ ಸುಖದುಃಖ ನೆನಪಾದರೆ ಅದು ರಸಕ್ಕೆ ವಿಘ್ನ ಎಂದು ಭರತನಿಗೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಎಣಿಸುತ್ತಾನೆ. ನಾನು ಈಗ ಹುಡುಕಿಕೊಂಡು ಹೋಗುವ ಪ್ರದರ್ಶನಗಳು ಆ ವಿಘ್ನವನ್ನೇ ಬೇಕೆಂದು ಒಡ್ಡುತ್ತವೆ. ನೀನು ಯಾರು, ಎಲ್ಲಿ ಕೂತಿದ್ದೀಯೆ, ನಿನ್ನ ಕೈ ಏನು ಮಾಡುತ್ತಿದೆ ಎಂಬುದನ್ನು ಮರೆಯಲು ಅವು ಬಿಡುವುದಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆಯನ್ನೇ ನಾನೂ ಕೊಡಬೇಕಾಗಿದೆ, ಏಕೆಂದರೆ ಅದಕ್ಕಿಂತ ಸ್ಪಷ್ಟವಾದದ್ದು ಇಲ್ಲ. 1974ರಲ್ಲಿ ಇಟಲಿಯ ನೇಪಲ್ಸ್ ನಗರದ ಒಂದು ಗ್ಯಾಲರಿಯಲ್ಲಿ ಮರೀನಾ ಅಬ್ರಮೋವಿಚ್ ಎಂಬ, ಆಗಿನ್ನೂ 27 ವರ್ಷದ ಯುಗೊಸ್ಲಾವ್ ಕಲಾವಿದೆ 6 ಗಂಟೆಗಳ ಕಾಲ ಅಲುಗಾಡದೆ ನಿಂತಳು. ಮೇಜಿನ ಮೇಲೆ 72 ವಸ್ತುಗಳಿದ್ದವು: ಗುಲಾಬಿ, ಗರಿ, ಜೇನುತುಪ್ಪ, ಕತ್ತರಿ, ಶಸ್ತ್ರಚಿಕಿತ್ಸೆಯ ಚಾಕು, ಒಂದು ಪಿಸ್ತೂಲು, ಒಂದು ಗುಂಡು. ಇವುಗಳಲ್ಲಿ ಯಾವುದನ್ನಾದರೂ ನನ್ನ ಮೇಲೆ ಬಳಸಬಹುದು, ಹೊಣೆ ನನ್ನದು ಎಂಬ ಸೂಚನೆಯನ್ನು ಬರೆದಿಡಲಾಗಿತ್ತು. ಆಕೆ ಮುಂದೆ ಹಲವು ಸಲ ನೆನೆದುಕೊಂಡಿರುವಂತೆ, ಮೊದಲ ಕೆಲವು ಗಂಟೆ ಜನ ಸಂಕೋಚದಿಂದಿದ್ದರು. ಆಮೇಲೆ ಬಟ್ಟೆ ಕತ್ತರಿಸಿದರು, ಮುಳ್ಳು ಚುಚ್ಚಿದರು, ಕುತ್ತಿಗೆಯ ಬಳಿ ಚರ್ಮ ಕೊಯ್ದರು, ಕೊನೆಗೆ ಗುಂಡು ತುಂಬಿದ ಪಿಸ್ತೂಲನ್ನು ಆಕೆಯ ಕೈಗೇ ಕೊಟ್ಟು ಕುತ್ತಿಗೆಯತ್ತ ತಿರುಗಿಸಿದರು. ಆಗ ನೋಡುಗರಲ್ಲೇ ಜಗಳವಾಯಿತು. ಅವಧಿ ಮುಗಿದು ಆಕೆ ಜನರತ್ತ ನಡೆಯತೊಡಗಿದಾಗ ಅವರು ಅಲ್ಲಿ ನಿಲ್ಲಲಿಲ್ಲ, ಓಡಿಹೋದರು. ಚಾಕು ಹಿಡಿದವರು ನಾಲ್ಕಾರು ಮಂದಿ ಇದ್ದಾರು. ನನ್ನನ್ನು ಕಾಡುವವರು ಅವರಲ್ಲ, ಗೋಡೆಗೆ ಒರಗಿ ನಿಂತಿದ್ದ ಉಳಿದವರು. ನಾನು ಆ ಕೋಣೆಯಲ್ಲಿದ್ದಿದ್ದರೆ ಖಂಡಿತ ಆ ಗೋಡೆಯ ಬಳಿಯೇ ಇರುತ್ತಿದ್ದೆ.

ಖಂಡಿತ ಎಂದದ್ದು ಅನುಭವದಿಂದ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಲಾ ಕೇಂದ್ರದಲ್ಲಿ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು ತನ್ನ ಎಡಗೈ ಬೆರಳುಗಳಿಗೆ ಒಂದೊಂದಾಗಿ ಹತ್ತಿಯ ದಾರ ಸುತ್ತಿಕೊಳ್ಳುತ್ತಿದ್ದಳು. ಮಾತಿಲ್ಲ, ಸಂಗೀತವಿಲ್ಲ. ಪಕ್ಕದಲ್ಲಿ ಒಂದು ಕತ್ತರಿ ಇತ್ತು, ಅದರ ಹಿಡಿ ನಮ್ಮ ಕಡೆಗೆ ತಿರುಗಿತ್ತು. ನಾವು ಸುಮಾರು 25 ಜನ ಸುತ್ತ ಕುಳಿತಿದ್ದೆವು. ಬೆರಳ ತುದಿಗಳು ಮೊದಲು ಕೆಂಪಾಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಕತ್ತರಿ ತೆಗೆದುಕೊಳ್ಳಬಹುದೇ, ತೆಗೆದುಕೊಂಡರೆ ಪ್ರದರ್ಶನ ಕೆಡಿಸಿದಂತಾಗುತ್ತದೆಯೇ, ಅಥವಾ ಅದನ್ನು ಇಟ್ಟಿರುವುದೇ ನಾವು ತೆಗೆದುಕೊಳ್ಳಲೆಂದೇ ಎಂದು ನಾನು ಯೋಚಿಸುತ್ತ ಕುಳಿತೆ. ಉಳಿದ 24 ಜನರೂ ಹಾಗೆಯೇ ಯೋಚಿಸುತ್ತಿರುವುದು ಅವರ ಮುಖಗಳಲ್ಲಿ ಕಾಣುತ್ತಿತ್ತು, ಮತ್ತು ಒಬ್ಬರ ಯೋಚನೆ ಇನ್ನೊಬ್ಬರಿಗೆ ನೆಪವಾಗುತ್ತಿತ್ತು. ಕೊನೆಗೆ ಅವಳೇ ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದಳು. ಆಮೇಲೆ ಚಹಾ ಕೊಟ್ಟರು. ಚಹಾ ಕುಡಿಯುತ್ತ ನಾವೆಲ್ಲ ದಾರ ಏನನ್ನು ಸಂಕೇತಿಸುತ್ತದೆ ಎಂದು ಬಲು ಚೆನ್ನಾಗಿ ಚರ್ಚಿಸಿದೆವು. ಹೊರಡುವಾಗ ನಾನು ಅವಳನ್ನು ನೋವಾಗಲಿಲ್ಲವೇ ಎಂದು ಕೇಳಿದೆ. ಜೋಮು ಹಿಡಿದಾಗ ಏನೂ ಗೊತ್ತಾಗುವುದಿಲ್ಲ, ರಕ್ತ ವಾಪಸು ಬರುವಾಗಲೇ ಉರಿಯುವುದು ಎಂದಳು.

ಸಿನಿಮಾ ನೋಡುವಾಗಿನ ಸಂಕಟ ಇದಕ್ಕೆ ತಿರುಗುಮುರುಗು. ಅಲ್ಲಿ ನಾನು ಎದ್ದರೂ ಪರದೆಯ ಮೇಲಿನವರಿಗೆ ಏನೂ ಆಗುವುದಿಲ್ಲ; ಅವರ ಪಾಡು ಎಂದೋ ಚಿತ್ರೀಕರಣವಾಗಿ ಮುಗಿದಿದೆ. ತಪ್ಪಿಸುವ ಶಕ್ತಿ ಇಲ್ಲ, ತಪ್ಪಿಸಿಕೊಳ್ಳುವ ದಾರಿ ಮಾತ್ರ ಇದೆ. ಆಸ್ಟ್ರಿಯಾದ ಮೈಕೇಲ್ ಹಾನೆಕೆ 1997ರ 'ಫನ್ನಿ ಗೇಮ್ಸ್' ಚಿತ್ರದಲ್ಲಿ ಈ ಗಂಟಿಗೇ ಕೈ ಹಾಕುತ್ತಾರೆ. ಬಿಳಿ ಕೈಗವಸು ತೊಟ್ಟ ಇಬ್ಬರು ಸಭ್ಯ ಯುವಕರು ಮೊಟ್ಟೆ ಕೇಳುವ ನೆಪದಲ್ಲಿ ಒಂದು ಕುಟುಂಬದ ಮನೆ ಹೊಕ್ಕು ಅವರನ್ನು ಹಿಂಸಿಸುತ್ತಾರೆ, ನಡುವೆ ಅವರಲ್ಲೊಬ್ಬ ಕ್ಯಾಮೆರಾದತ್ತ ತಿರುಗಿ ನಮಗೆ ಕಣ್ಣು ಹೊಡೆಯುತ್ತಾನೆ. ಹಿಂಸೆಯ ಬಹುಭಾಗ ಚೌಕಟ್ಟಿನ ಹೊರಗೇ ನಡೆಯುತ್ತದೆ. ಮಗುವನ್ನು ಕೊಲ್ಲುವ ಹೊತ್ತಿನಲ್ಲಿ ನಮಗೆ ಕಾಣುವುದು ಅಡುಗೆಮನೆಯಲ್ಲಿ ತಿಂಡಿ ಮಾಡಿಕೊಳ್ಳುತ್ತಿರುವ ಇನ್ನೊಬ್ಬ. ಸದ್ದು ಮಾತ್ರ ಒಳಗಿನಿಂದ ಬರುತ್ತದೆ. ಒಂದು ಹಂತದಲ್ಲಿ ಆ ತಾಯಿ ಬಂದೂಕು ಕಸಿದುಕೊಂಡು ಒಬ್ಬನನ್ನು ಹೊಡೆಯುತ್ತಾಳೆ. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದೆ, ಸಂತೋಷವಾಗಿತ್ತು. ಮರುಕ್ಷಣ ಇನ್ನೊಬ್ಬ ರಿಮೋಟ್ ಹುಡುಕಿ ಸಿನಿಮಾವನ್ನೇ ಹಿಂದಕ್ಕೆ ಓಡಿಸುತ್ತಾನೆ, ಆ ಗುಂಡು ಹಾರಲೇ ಇಲ್ಲ ಎಂಬಂತೆ ಆಟ ಮುಂದುವರಿಯುತ್ತದೆ. ಅಷ್ಟು ಹೊತ್ತು ಹಿಂಸೆಯನ್ನು ಕಂಡು ಹೇಸುತ್ತಿದ್ದೇನೆಂದು ನಂಬಿದ್ದ ನಾನು, ಒಂದು ಕೊಲೆ ರದ್ದಾದದ್ದಕ್ಕೆ ನಿರಾಶನಾಗಿದ್ದೆ.

ಎಲ್ಲವನ್ನೂ ಕಣ್ಣುಮುಚ್ಚದೆ ನೋಡಿದ್ದೇನೆ ಎಂದು ಯಾರೂ ತಿಳಿಯಬಾರದು. ಗಾಸ್ಪಾರ್ ನೋಯೆಯ 2002ರ 'ಇರ್ರಿವರ್ಸಿಬಲ್' ಚಿತ್ರವನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ. ಅದರ ಮೊದಲ ಅರ್ಧ ಗಂಟೆಯ ಹಿನ್ನೆಲೆಯಲ್ಲಿ ಸುಮಾರು 28 ಹರ್ಟ್ಸ್‌ನ, ಕಿವಿಗಿಂತ ಹೊಟ್ಟೆಗೇ ಹೆಚ್ಚು ತಾಗುವ ಗುಂಯ್‌ಗುಡುವ ನಾದವನ್ನು ಸೇರಿಸಿದ್ದಾರೆ. ಓಕರಿಕೆ ತರಿಸಲು ಯಂತ್ರ ಹೂಡಿದ ಮೇಲೆ ಅದು ನನಗೆ ಮಾತುಕತೆಯಾಗಿ ಉಳಿಯುವುದಿಲ್ಲ. ಇನ್ನೊಂದು ಗೆರೆಯೂ ಇದೆ, ಅದು ಇದಕ್ಕಿಂತ ಗಟ್ಟಿಯಾದದ್ದು: ನೋವಿಗೆ ಒಡ್ಡಿಕೊಂಡವರು ತಾವಾಗಿ ಒಪ್ಪಿರಬೇಕು. 1972ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್'ನ ಕುಖ್ಯಾತ ಅತ್ಯಾಚಾರದ ದೃಶ್ಯದ ಒಂದು ಮುಖ್ಯ ವಿವರವನ್ನು 19 ವರ್ಷದ ನಟಿ ಮರಿಯಾ ಶ್ನೈಡರ್‌ಗೆ ಮುಂಚೆ ತಿಳಿಸಿರಲಿಲ್ಲ, ಆಕೆಯ ಅವಮಾನ ನಟನೆಯಾಗಿರದೆ ನಿಜವಾಗಿರಬೇಕೆಂದು ತಾನು ಬಯಸಿದ್ದೆ ಎಂದು ನಿರ್ದೇಶಕ ಬೆರ್ತೊಲುಚಿ 2013ರಲ್ಲಿ ಹೇಳಿಕೊಂಡರು. ಅಬ್ರಮೋವಿಚ್‌ಳ ಮೇಜಿನ ಸೂಚನೆಯನ್ನು ಬರೆದವಳು ಅಬ್ರಮೋವಿಚ್. ಶ್ನೈಡರ್‌ಳ ಬದಲಿಗೆ ಬೇರೆ ಯಾರೋ ಬರೆದಿದ್ದರು. ಆ ಚಿತ್ರವನ್ನು ನಾನು ಮತ್ತೆ ನೋಡಿಲ್ಲ.

ನಮ್ಮಲ್ಲಿ ಇಂಥ ಸಿನಿಮಾ ಇಲ್ಲವೇ ಎಂದು ಕೇಳುವವರಿಗೆ ನಾನು ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ತೋರಿಸುತ್ತೇನೆ. ಅದರಲ್ಲಿ ಚಾಕುವಿಲ್ಲ, ಬಂದೂಕಿಲ್ಲ. ಬಸುರಾದ ಬಾಲವಿಧವೆಗೆ ಅವಳು ಬದುಕಿರುವಾಗಲೇ ಹೆತ್ತ ತಂದೆ ಶ್ರಾದ್ಧ ಮಾಡುತ್ತಾನೆ, ಅದನ್ನೆಲ್ಲ ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿ ನೋಡುತ್ತಿರುತ್ತಾನೆ. ಅವನಿಗೆ ಏನೂ ಮಾಡಲಾಗುವುದಿಲ್ಲ, ಏಕೆಂದರೆ ಅವನು ಮಗು. ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನಕ್ಕನನ್ನು ಬಿಟ್ಟು ಅವನು ಹೋಗಬೇಕಾದ ಗಳಿಗೆಯಲ್ಲಿ ನನಗೆ ಪ್ರತಿ ಸಲವೂ ಮುಖ ತಿರುಗಿಸಿಕೊಳ್ಳಬೇಕೆನಿಸುತ್ತದೆ. ಊರಿನ ದೊಡ್ಡವರೆಲ್ಲ ಅದೇ ಅಂಗಳದಲ್ಲಿ ನಿಂತಿದ್ದರಲ್ಲ, ಅವರಿಗೆ ಆ ವಿನಾಯಿತಿ ಇಲ್ಲ, ನನಗೂ ಇಲ್ಲ.

ಹೀಗಾಗಿ ಅಕ್ಕನ ಪ್ರಶ್ನೆಗೆ ನನ್ನ ಉತ್ತರವೆಂದರೆ, ನಾನು ಸಂಕಟವನ್ನು ನೋಡಲು ಹೋಗುತ್ತಿಲ್ಲ, ಸಂಕಟದ ಎದುರು ಕುಳಿತಿರುವ ನನ್ನನ್ನು ನೋಡಲು ಹೋಗುತ್ತಿದ್ದೇನೆ ಎಂಬುದು. ಇದರಿಂದ ನಾನು ಉತ್ತಮನಾಗಿದ್ದೇನೆಯೇ ಎಂದರೆ, ಹಾಗೆ ಹೇಳುವ ಧೈರ್ಯವಿಲ್ಲ. ಇದಿಷ್ಟನ್ನೂ ಒಂದು ಸಂಜೆ ಅವಳಿಗೆ ವಿವರವಾಗಿ ಹೇಳಿದೆ, ಅಭಿನವಗುಪ್ತನನ್ನೂ ಬಿಡಲಿಲ್ಲ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿಸಿಕೊಂಡಳು. ದಾರ ಸುತ್ತಿಕೊಂಡ ಹುಡುಗಿಯ ಮಾತು ಬಂದಾಗ ಮಾತ್ರ ಕೈ ನಿಲ್ಲಿಸಿ, ಎಷ್ಟು ಹೊತ್ತು ಕಟ್ಟಿದ್ದಳು, ಉಗುರು ಯಾವ ಬಣ್ಣಕ್ಕೆ ತಿರುಗಿತ್ತು, ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತಿತ್ತೇ ಎಂದು ಒಂದೊಂದಾಗಿ ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕತ್ತರಿ ಅಲ್ಲೇ ಇತ್ತಲ್ಲೋ?" ಎಂದಳು.