ಎಲೆ ಚೆನ್ನಾಗಿದೆ, ಹೂ ಯಾಕೆ ಬಿಡ್ತಿಲ್ಲ?

ಮೆಲ್ಬರ್ನ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು, ಹಿತ್ತಲಲ್ಲಿ ಈಗ ಸಿಂಬಿಡಿಯಂ ಅನ್ನೋ ಆರ್ಕಿಡ್‌ನ ಮೂವತ್ತರ ಮೇಲೆ ಕುಂಡ ಇದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಮನೆಗೆ ಯಾರೇ ಬಂದ್ರೂ ಮೊದಲು ಹೂವಿನ ಫೋಟೋ ತೆಗೀತಾರೆ, ಆಮೇಲೆ ಕೇಳೋದು ಒಂದೇ ಪ್ರಶ್ನೆ. "ನಮ್ಮನೇಲೂ ಒಂದು ಇದೆ ಕಣ್ರೀ, ಎಲೆ ನೋಡಿದ್ರೆ ಕಡುಹಸಿರು, ಎಷ್ಟು ಸೊಂಪಾಗಿದೆ, ಆದ್ರೆ ತಂದ ವರ್ಷ ಹೂ ಇತ್ತು ಅಷ್ಟೇ, ಆಮೇಲೆ ಒಂದು ಸಲಾನೂ ಬಿಟ್ಟಿಲ್ಲ. ನೀವು ಏನು ಗೊಬ್ಬರ ಹಾಕ್ತೀರಿ?"

ಗೊಬ್ಬರದ ಮಾತು ಆಮೇಲೆ. ನಾನು ತಿರುಗಿ ಕೇಳೋದು ಕುಂಡ ಎಲ್ಲಿಟ್ಟಿದ್ದೀರಿ ಅಂತ. ಹೆಚ್ಚಿನವರು ಹೇಳೋದು ಹಾಲ್‌ನಲ್ಲಿ, ಇಲ್ಲಾ ಅಡುಗೆಮನೆ ಕಿಟಕಿ ಹತ್ರ. ಅಲ್ಲಿಗೆ ನನ್ನ ಉತ್ತರ ಸಿಕ್ಕಿತು ಅಂತಾನೇ ಲೆಕ್ಕ: ಹೊರಗಡೆ ಇಡಿ. ಒಂದು ವಾರ ಅಲ್ಲ, ವರ್ಷ ಪೂರ್ತಿ, ಚಳಿಗಾಲದಲ್ಲೂ.

ಇದನ್ನ ಕೇಳಿದ ತಕ್ಷಣ ಮುಖ ಹುಳ್ಳಗಾಗುತ್ತೆ. ಆರ್ಕಿಡ್ ಅಂದ್ರೆ ಬಿಸಿ ದೇಶದ ನಾಜೂಕು ಗಿಡ, ಈ ಊರಿನ ಚಳಿಗೆ ಸತ್ತೇ ಹೋಗುತ್ತೆ ಅನ್ನೋದು ಎಲ್ಲರ ತಲೇಲಿ ಕೂತುಬಿಟ್ಟಿದೆ. ಅದಕ್ಕೆ ಕಾರಣ ಇದೆ. ಸೂಪರ್‌ಮಾರ್ಕೆಟ್‌ನಲ್ಲಿ ಕಾಗದ ಸುತ್ತಿ ಮಾರ್ತಾರಲ್ಲ, ಚಿಟ್ಟೆ ಥರ ಅಗಲ ಹೂ, ಅದು ಫಲೆನಾಪ್ಸಿಸ್. ಅದು ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಬೆಚ್ಚಗಿನ ಕಾಡಿನದು, ಅದನ್ನ ಮನೆ ಒಳಗೇ ಇಡಬೇಕು. ನಾವು ಅದೇ ನಿಯಮ ತಂದು ಸಿಂಬಿಡಿಯಂಗೂ ಹಾಕ್ತೀವಿ, ಎಡವೋದು ಅಲ್ಲೇ.

ದೊಡ್ಡ ಹೂವಿನ ಸಿಂಬಿಡಿಯಂ ಯಾವುದನ್ನೇ ತಗೊಳ್ಳಿ, ಅದರ ಮೂಲ ಹಿಮಾಲಯದ ತಪ್ಪಲು, ಈಶಾನ್ಯ ಭಾರತ, ಬರ್ಮಾ, ವಿಯೆಟ್ನಾಂನ ಬೆಟ್ಟಗಳು, ಸುಮಾರು 1000ದಿಂದ 2500 ಮೀಟರ್ ಎತ್ತರ. ಈ ಕುಲದ ಮೊದಲ ಹೈಬ್ರಿಡ್ ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ 1889ರಲ್ಲಿ ಹೂ ಬಿಡ್ತು, ಅದರ ಹೆಸರು ಎಬರ್ನಿಯೊ-ಲೋವಿಯಾನಂ. ತಾಯಿ ತಂದೆ ಯಾರು ಅನ್ನೋದು ಹೆಸರಲ್ಲೇ ಇದೆ, ಎಬರ್ನಿಯಂ ನಮ್ಮ ಈಶಾನ್ಯ ಭಾರತದಲ್ಲೂ ಬೆಳೆಯೋ ಬಿಳಿ ಹೂ, ಲೋವಿಯಾನಂ ಬರ್ಮಾ ಕಡೆಯ ಹಸಿರು ಹೂ. ಆಮೇಲೆ ಸಾವಿರಾರು ಹೈಬ್ರಿಡ್ ಬಂದವು, ಆದ್ರೆ ರಕ್ತ ಅದೇ ಬೆಟ್ಟದ್ದು. ಇದನ್ನ ಯೋಚಿಸಿದಾಗೆಲ್ಲ ನನಗೆ ಒಂಥರಾ ಖುಷಿ ಆಗುತ್ತೆ, ಇಷ್ಟು ದೂರ ಬಂದು ನಮ್ಮ ಕಡೆಯದೇ ಗಿಡ ಸಾಕ್ತಿದೀನಿ ಅಂತ.

ಆ ಬೆಟ್ಟದಲ್ಲಿ ವರ್ಷ ಹೇಗೆ ಸಾಗುತ್ತೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಸದಾ ಒದ್ದೆ, ಹದವಾದ ಸೆಕೆ, ಗಿಡ ಆಗ ಎಲೆ ಗೆಡ್ಡೆ ಎಲ್ಲಾ ಬೆಳೆಸ್ಕೊಳ್ಳುತ್ತೆ. ಅಕ್ಟೋಬರ್ ಬಂತು ಅಂದ್ರೆ ಮೋಡ ಸರಿದು ಹಗಲು ಬಿಸಿಲು ಚೆನ್ನಾಗಿ ಬೀಳುತ್ತೆ, ರಾತ್ರಿ ಮಾತ್ರ ಚಳಿ. ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿ ಆಸುಪಾಸು ವ್ಯತ್ಯಾಸ, ರಾತ್ರಿ 14-15 ಡಿಗ್ರಿಗಿಂತ ಕೆಳಗೆ ಇಳಿಯೋದು, ಇದೇ ಗಿಡಕ್ಕೆ ಹೂಗೊನೆ ಕಟ್ಟು ಅಂತ ಹೇಳೋ ಸೂಚನೆ. ನಿಮ್ಮ ಹಾಲ್‌ನಲ್ಲಿ ಹಗಲೂ 21 ರಾತ್ರೀನೂ 20 ಇದ್ರೆ ಗಿಡಕ್ಕೆ ಆ ಸೂಚನೆ ಸಿಗೋದೇ ಇಲ್ಲ, ಅದು ಇನ್ನೂ ಮಳೆಗಾಲ ಅಂದ್ಕೊಂಡು ಎಲೆ ಬಿಡ್ತಾನೇ ಇರುತ್ತೆ, ನೀವು ಅದನ್ನ ನೋಡಿ ಸೊಂಪಾಗಿದೆ ಅಂತೀರಿ.

ಮೆಲ್ಬರ್ನ್ ಈ ಗಿಡಕ್ಕೆ ಹೇಳಿ ಮಾಡಿಸಿದ ಊರು. ಇಲ್ಲಿ ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತೆ, ಹಗಲು 38-40 ಇದ್ದದ್ದು ಸಂಜೆ ದಕ್ಷಿಣದ ಗಾಳಿ ಬೀಸಿತು ಅಂದ್ರೆ ಒಂದೆರಡು ಗಂಟೇಲಿ ಹದಿನೈದು ಡಿಗ್ರಿ ಇಳಿದುಬಿಡುತ್ತೆ, ಇಲ್ಲಿನವರು ಕೂಲ್ ಚೇಂಜ್ ಅಂತಾರಲ್ಲ ಅದೇ. ಇಲ್ಲಿ ಋತುಗಳು ನಮ್ಮೂರಿಗೆ ಉಲ್ಟಾ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಆ ತಂಪು ರಾತ್ರಿಗಳು ಗಿಡಕ್ಕೆ ಸಿಕ್ಕರೆ ಮುಕ್ಕಾಲು ಕೆಲಸ ಆದಹಾಗೆ. ಇನ್ನು ಚಳಿಗಾಲದ ಭಯ. ಜುಲೈನಲ್ಲಿ ರಾತ್ರಿ 5-6 ಡಿಗ್ರಿ ಆದ್ರೂ ಏನೂ ಆಗಲ್ಲ, ಸೊನ್ನೆ ಹತ್ರ ಹೋದ್ರೂ ಸ್ವಲ್ಪ ಹೊತ್ತು ಎಲೆ ತಡ್ಕೊಳ್ಳುತ್ತೆ, ಆದ್ರೆ ಮೊಗ್ಗು ತಡ್ಕೊಳ್ಳಲ್ಲ. ಹಾಗಾಗಿ ಹುಲ್ಲಿನ ಮೇಲೆ ಬೆಳ್ಳಗೆ ಫ್ರಾಸ್ಟ್ ಬೀಳೋ ಏರಿಯಾದಲ್ಲಿ ಇದ್ರೆ ಹೂಗೊನೆ ಇರೋ ಕುಂಡಗಳನ್ನ ಪ್ಯಾಟಿಯೋ ಕೆಳಗೆ ಗೋಡೆಗೆ ಒತ್ತಿ ಇಡಿ, ಅಷ್ಟೇ ಸಾಕು.

ಊರಲ್ಲಿ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು, "ನಮ್ಮ ತೋಟದ ಹಲಸಿನ ಮರದ ಮೇಲಿನ ಸೀತಾಳೆ ದಂಡೇನ ಯಾರು ಒಳಗಿಟ್ಟು ಸಾಕಿದ್ದಾರೆ?" ಸೀತಾಳೆಯೂ ಆರ್ಕಿಡ್ಡೇ, ಮಲೆನಾಡಲ್ಲಿ ಬೆಳೆದವರಿಗೆ ಗೊತ್ತು, ಆಷಾಢದ ಮಳೇಲಿ ನೆನೆದು ಮಾಗಿಯಲ್ಲಿ ಒಣಗಿ ತನ್ನ ಪಾಡಿಗೆ ಇರುತ್ತೆ. ನನಗೆ ಗಿಡದ ಬಗ್ಗೆ ಸಿಕ್ಕಿರೋ ಸಲಹೆಯಲ್ಲಿ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಚಳಿ ಆಯ್ತು, ಇನ್ನು ಬೆಳಕು. ಮೇಲೆ ಹೇಳಿದ "ಕಡುಹಸಿರು" ಎಲೆ ಇದೆಯಲ್ಲ, ಅದು ಗಿಡ ಚೆನ್ನಾಗಿರೋ ಗುರುತಲ್ಲ, ಬೆಳಕು ಸಾಲದೇ ಇರೋ ಗುರುತು. ಹಲಸಿನ ಎಲೆಯ ಬಣ್ಣ ಇದ್ರೆ ನೆರಳು ಜಾಸ್ತಿ ಆಯ್ತು ಅಂತ, ಎಳೆ ಬಾಳೆಲೆಯ ಬಣ್ಣ ಬಂದ್ರೆ ಸರಿಯಾಗಿದೆ ಅಂತ, ಪೂರ್ತಿ ಹಳದಿ ತಿರುಗಿದ್ರೆ ಬಿಸಿಲು ಜಾಸ್ತಿ ಆಯ್ತು, ಇಲ್ಲಾ ಗೊಬ್ಬರ ಸಾಲ್ದು. ಬೆಳಗಿನ ಬಿಸಿಲು ಎಷ್ಟು ಬಿದ್ರೂ ಒಳ್ಳೇದು. ಪಶ್ಚಿಮದ ಮಧ್ಯಾಹ್ನದ ಬಿಸಿಲು ಬೇಡ, ಜನವರಿಯಲ್ಲಿ ಒಂದೇ ದಿನಕ್ಕೆ ಎಲೆ ಸುಟ್ಟು ಕಪ್ಪು ಮಚ್ಚೆ ಬೀಳುತ್ತೆ, ಅದು ಮತ್ತೆ ಹೋಗಲ್ಲ. ನಾನು ನವೆಂಬರ್‌ನಿಂದ ಮಾರ್ಚ್‌ವರೆಗೆ 50 ಪರ್ಸೆಂಟ್ ಶೇಡ್ ಕ್ಲಾತ್ ಕಟ್ತೀನಿ, ಆಮೇಲೆ ಬಿಚ್ಚಿಬಿಡ್ತೀನಿ, ಚಳಿಗಾಲದ ಬಿಸಿಲು ಇಲ್ಲಿ ಮೆತ್ತಗಿರುತ್ತೆ. ಒಳಗಿಟ್ಟ ಗಿಡವನ್ನ ಹೊರಗೆ ತರೋವಾಗ ಮಾತ್ರ ಮೊದಲೆರಡು ವಾರ ಮರದ ಕೆಳಗಿಟ್ಟು ನಿಧಾನಕ್ಕೆ ಅಭ್ಯಾಸ ಮಾಡಿಸಿ.

ನೀರಿನ ವಿಷಯದಲ್ಲಿ ಎರಡು ಥರ ತಪ್ಪು ನೋಡಿದೀನಿ. ಆರ್ಕಿಡ್ ಅಂದ್ರೆ ವಾರಕ್ಕೊಂದು ಐಸ್ ಕ್ಯೂಬ್ ಸಾಕು ಅಂತ ಎಲ್ಲೋ ಓದಿ ಸಿಂಬಿಡಿಯಂನ ಒಣಗಿಸೋದು ಒಂದು. ದಪ್ಪ ಗೆಡ್ಡೆ ಸುಕ್ಕುಗಟ್ಟಿ ನೆರಿಗೆ ಬಿದ್ರೆ ಬಾಯಾರಿದೆ ಅಂತ ಅರ್ಥ, ಬೇಸಿಗೆಯಲ್ಲಿ ನಾನು ದಿನ ಬಿಟ್ಟು ದಿನ, 35 ದಾಟಿದ್ರೆ ದಿನಾ ನೀರು ಹಾಕ್ತೀನಿ, ಚಳಿಗಾಲದಲ್ಲಿ ವಾರಕ್ಕೆ ಒಂದೇ ಸಲ, ಮಳೆ ಬಂದ್ರೆ ಅದೂ ಇಲ್ಲ. ಇನ್ನೊಂದು ತಪ್ಪು ನಾನೇ ಮಾಡಿದ್ದು, ಮಾಮೂಲಿ ಹೂಕುಂಡದ ಮಣ್ಣಲ್ಲಿ ನೆಟ್ಟಿದ್ದು. ಮೊದಲ ಮೂರು ಗಿಡ ಹಾಗೇ ಹೋದವು. ಮೇಲಿಂದ ಏನೂ ಗೊತ್ತಾಗಲಿಲ್ಲ, ಎಲೆ ಜೋತು ಬಿದ್ದ ಮೇಲೆ ಕುಂಡ ಕವುಚಿ ನೋಡಿದ್ರೆ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ ಕೊಳೆತಿತ್ತು, ಹಿಡಿದು ಎಳೆದ್ರೆ ಸಿಪ್ಪೆ ಕೈಗೆ ಬಂದು ಒಳಗೆ ದಾರದ ಹಾಗೆ ಒಂದು ಎಳೆ ಮಾತ್ರ ಉಳೀತಿತ್ತು. ತುಂಬಾ ಬೇಜಾರಾಗಿತ್ತು ಆಗ. ಇದರ ಬೇರಿಗೆ ನೀರಿನಷ್ಟೇ ಗಾಳಿನೂ ಬೇಕು. ಪೈನ್ ಮರದ ತೊಗಟೆ ಚೂರು, ಹೆಚ್ಚೂಕಮ್ಮಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಜೊತೆಗೆ ಒಂದಿಷ್ಟು ಪರ್ಲೈಟ್ ಅನ್ನೋ ಹಗುರವಾದ ಬಿಳಿ ಹರಳು, ಇಷ್ಟರಲ್ಲೇ ನೆಡಬೇಕು. ನೀರು ಹಾಕಿದ್ರೆ ಆಗಿಂದಾಗ್ಗೆ ಕೆಳಗಿಂದ ಹರಿದು ಹೋಗಬೇಕು, ತಟ್ಟೆ ಇಡಲೇಬೇಡಿ.

ಗೊಬ್ಬರ, ಹೌದು, ಮರೆತಿಲ್ಲ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನೈಟ್ರೋಜನ್ ಜಾಸ್ತಿ ಇರೋದು, ಜನವರಿಯಿಂದ ಪೊಟ್ಯಾಸಿಯಂ ಜಾಸ್ತಿ ಇರೋದು, ಪ್ಯಾಕೆಟ್‌ನಲ್ಲಿ ಹೇಳಿದ್ದರ ಅರ್ಧ ಪ್ರಮಾಣ, ಎರಡು ವಾರಕ್ಕೊಮ್ಮೆ. ಯಾವ ಕಂಪನಿ ಅನ್ನೋದು ಮುಖ್ಯ ಅಲ್ಲ, ಬೇಸಿಗೆಯಲ್ಲಿ ಹಸಿವಿಗೆ ಬಿಡದೇ ಇರೋದು ಮುಖ್ಯ, ಯಾಕಂದ್ರೆ ಆಗ ತುಂಬಿಕೊಂಡ ಹೊಸ ಗೆಡ್ಡೆಯ ಬುಡದಿಂದಾನೇ ಹೂಗೊನೆ ಬರೋದು.

ನನ್ನ ಗೆಳತಿಯೊಬ್ಬಳು ಮೂರು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿ, ನನ್ನ ಮಾತು ಕಟ್ಕೊಂಡು ಅಕ್ಟೋಬರ್‌ನಲ್ಲಿ ಕುಂಡ ಹೊರಗಿಟ್ಟಳು. ಮುಂದಿನ ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಬೆಳಕಲ್ಲಿ ತೆಗೆದ ಫೋಟೋ ಕಳಿಸಿದ್ದಾಳೆ, ಇದು ಹೂವೋ ಎಲೆಯೋ ಅಂತ. ಎರಡೂ ಬುಡದಿಂದಾನೇ ಮೊಳೆಯೋದ್ರಿಂದ ಶುರುವಲ್ಲಿ ಗೊಂದಲ ಆಗುತ್ತೆ. ಎಲೆಯ ಚಿಗುರು ಚಪ್ಪಟೆ, ಗಟ್ಟಿ, ತುದಿ ಬೇಗ ಕವಲೊಡೆದು ಎಲೆ ಬಿಚ್ಚಿಕೊಳ್ಳುತ್ತೆ. ಹೂಗೊನೆ ದುಂಡಗೆ ದಪ್ಪಗಿರುತ್ತೆ, ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಒಳಗೆ ಮೆತ್ತಗೆ. ಒತ್ತಿ ನೋಡು ಅಂದೆ. ಮೆತ್ತಗಿದೆ ಅಂದ್ಲು. ಹಾಗಿದ್ರೆ ಈಗಲೇ ಬಸವನಹುಳು ಹುಡುಕು ಅಂದೆ, ಆ ಎಳೇ ತುದಿ ಅಂದ್ರೆ ಅವಕ್ಕೆ ಪ್ರಾಣ, ಒಂದೇ ರಾತ್ರೀಲಿ ವರ್ಷದ ಹೂ ತಿಂದು ಹೋಗ್ತವೆ. ರಾತ್ರಿ ಟಾರ್ಚ್ ಹಿಡಿದು ಕೈಯಲ್ಲಿ ಹೆಕ್ಕೋದೇ ಒಳ್ಳೇ ಉಪಾಯ. ಹೂಗೊನೆ ಒಂದು ಗೇಣು ಆದಾಗ ಕೋಲು ಕೊಟ್ಟು ಕಟ್ಟಿ, ಆಮೇಲೆ ಕುಂಡದ ದಿಕ್ಕು ಬದಲಾಯಿಸಬೇಡಿ, ಬೆಳಕಿನ ಕಡೆ ತಿರುಗೋಕೆ ಹೋಗಿ ಗೊನೆ ಸೊಟ್ಟಗಾಗುತ್ತೆ.

ಮೊಗ್ಗಿರೋವಾಗ ಒಳಗೆ ತರೋ ಆಸೆ ಆಗುತ್ತೆ, ತರಬೇಡಿ. ಹೀಟರ್ ಗಾಳಿಗೆ ಮೊಗ್ಗೆಲ್ಲ ಹಳದಿಯಾಗಿ ಒಂದೊಂದೇ ಉದುರುತ್ತೆ. ಹೂ ಪೂರ್ತಿ ಅರಳಿದ ಮೇಲೆ ಮನೇಲಿ ತಂಪಾಗಿರೋ ರೂಮಿಗೆ ತನ್ನಿ, ಹಣ್ಣಿನ ಬುಟ್ಟಿಯಿಂದ ದೂರ, ಮಾಗೋ ಹಣ್ಣು ಬಿಡೋ ಗಾಳಿಗೆ ಹೂ ಬೇಗ ಬಾಡುತ್ತೆ. ಚೆನ್ನಾಗಿ ನೋಡ್ಕೊಂಡ್ರೆ ಆರರಿಂದ ಎಂಟು ವಾರ ಇರುತ್ತೆ. ಜೇನುಹುಳ ಬಂದು ಪರಾಗ ಎತ್ಕೊಂಡು ಹೋದ್ರೆ ಮಾತ್ರ ಕೆಳಗಿನ ನಾಲಿಗೆಯಂಥ ಎಸಳು ಕೆಂಪಾಗಿ ಆ ಹೂ ಬೇಗ ಮುದುಡುತ್ತೆ, ಅದು ರೋಗ ಅಲ್ಲ.

ಇಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೂ ಗೌರಿ ಹಬ್ಬಕ್ಕೂ ಸರಿಯಾಗಿ ಇದೇ ಹೂ ಅರಳಿರುತ್ತೆ, ಚಳಿಗಾಲದ ಹಿತ್ತಲಲ್ಲಿ ಬೇರೆ ಹೂ ಎಲ್ಲಿ ಸಿಗುತ್ತೆ ಹೇಳಿ. ನಾನು ಎರಡು ಗೊನೆ ಕತ್ತರಿಸಿ ಕಲಶದ ಎರಡೂ ಪಕ್ಕ ಇಡ್ತೀನಿ. ಕತ್ತರಿಸಿದ್ರೆ ಗಿಡಕ್ಕೆ ನೋವಾಗುತ್ತೆ ಅನ್ನೋರಿದ್ದಾರೆ, ಆದ್ರೆ ಹೂ ಹೊತ್ತು ನಿಲ್ಲೋ ಶ್ರಮ ತಪ್ಪಿ ಹೊಸ ಚಿಗುರಿಗೆ ಬಲ ಬರುತ್ತೆ. ಕತ್ತರಿಯನ್ನ ಮಾತ್ರ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬೆಂಕಿಯಲ್ಲಿ ಕಾಯಿಸಿ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಅಂತ ಒಂದಿದೆ, ಅದು ಹರಡೋದು ಹೀಗೇ, ಬಂದ್ರೆ ಔಷಧ ಇಲ್ಲ, ಗಿಡ ಎಸೀಬೇಕು.

ಹೂ ಮುಗಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ತೊಗಟೆ ಪುಡಿಯಾದಾಗ ಬೇರೆ ಕುಂಡಕ್ಕೆ ಹಾಕಿ. ಭಾಗ ಮಾಡೋದಾದ್ರೆ ಒಂದೊಂದರಲ್ಲಿ ಕನಿಷ್ಠ ಮೂರು ಗೆಡ್ಡೆ ಇರಲಿ, ಆಸೆಗೆ ಬಿದ್ದು ಸಣ್ಣ ಸಣ್ಣ ತುಂಡು ಮಾಡಿದ್ರೆ ಎರಡು ಮೂರು ವರ್ಷ ಹೂ ಮರೆತುಬಿಡಿ. ಎಲೆ ಉದುರಿದ ಹಳೇ ಬೋಳು ಗೆಡ್ಡೆ ಎಸೀಬೇಡಿ, ಒದ್ದೆ ತೊಗಟೆಯಲ್ಲಿ ಅರ್ಧ ಹೂತಿಟ್ರೆ ಎಷ್ಟೋ ಸಲ ಮೊಳಕೆ ಬರುತ್ತೆ. ನನ್ನ ಹತ್ರ ಇರೋ ಅರ್ಧದಷ್ಟು ಗಿಡ ಹೀಗೆ ಯಾರೋ ಕೊಟ್ಟ ಬೋಳು ಗೆಡ್ಡೆಯಿಂದಾನೇ ಆಗಿದ್ದು.

ಕೊನೆಗೆ ಬೆಂಗಳೂರಿಂದ ತಂಗಿ ಕೇಳೋ ಪ್ರಶ್ನೆ, ಅಲ್ಲಿ ಬೆಳೀಬಹುದಾ ಅಂತ. ಈ ದೊಡ್ಡ ಹೂವಿನ ಜಾತಿ ಬೆಂಗಳೂರಲ್ಲಿ ಬದುಕುತ್ತೆ, ಆದ್ರೆ ಅಲ್ಲಿನ ರಾತ್ರಿ ಅದಕ್ಕೆ ಬೇಕಾದಷ್ಟು ದಿನ ತಂಪಾಗಿರಲ್ಲ, ಹೂವಿನ ಭರವಸೆ ಕೊಡೋಕಾಗಲ್ಲ. ಊಟಿಯಲ್ಲಾದ್ರೆ ಧೈರ್ಯವಾಗಿ ಬೆಳೆಸಬಹುದು. ಬೆಂಗಳೂರಿನ ಬಾಲ್ಕನಿಗೆ ನಮ್ಮ ಪಶ್ಚಿಮ ಘಟ್ಟದ್ದೇ ಒಂದು ಸಿಂಬಿಡಿಯಂ ಇದೆ, ಅಲೋಯಿಫೋಲಿಯಂ, ದಪ್ಪ ಪಟ್ಟಿಯಂಥ ಎಲೆ, ಬೇಸಿಗೆಯಲ್ಲಿ ಕೆಳಗೆ ಜೋತುಬೀಳೋ ಗೊನೆ, ಹಳದಿ ಹೂವಿನ ಮೇಲೆ ಕೆಂಗಂದು ಗೀರು. ಅದಕ್ಕೆ ಈ ಚಳಿಯ ಗೋಳೇ ಇಲ್ಲ. ಊರಿಗೆ ಹೋದಾಗ ಮರದಿಂದ ಕಿತ್ತು ತರಬೇಡ, ನರ್ಸರಿಯಲ್ಲಿ ಬೆಳೆಸಿದ್ದು ಸಿಗೋವರೆಗೆ ಕಾಯಿ ಅಂತ ಅವಳಿಗೆ ಹೇಳಿದೀನಿ, ಸಿಕ್ಕಿದ ದಿನ ಗ್ರಿಲ್‌ಗೆ ನೇತುಹಾಕೋ ಬುಟ್ಟಿ ತಗೋ, ಗೊನೆ ಕೆಳಗಿಳಿಯೋಕೆ ಜಾಗ ಬೇಕು.