ಗದ್ದಿಗೆಯಲ್ಲಿಲ್ಲದ ದೊರೆ

ಡಿಸೆಂಬರ್ 3ರ ಬೆಳಿಗ್ಗೆ ಮೈಸೂರಿನಿಂದ ಮಡಿಕೇರಿಗೆ ಹೊರಟ ಬಸ್ಸಿನಲ್ಲಿ ಓದಿದ ಪತ್ರಿಕೆಯ ಒಳಪುಟದಲ್ಲಿ ಭೋಪಾಲ್ ಅನಿಲ ದುರಂತದ ಸ್ಮರಣೆಯ ಪುಟ್ಟ ಸುದ್ದಿಯಿತ್ತು. ಕುಶಾಲನಗರ ದಾಟಿ, ಕಣಗಳಲ್ಲಿ ಒಣಗಲು ಹರಡಿದ್ದ ಕಾಫಿ ಹಣ್ಣು ಕಾಣತೊಡಗಿದಾಗ ಪತ್ರಿಕೆ ಮಡಚಿಟ್ಟೆ. ಸುದ್ದಿ ಮಾತ್ರ ದಿನವಿಡೀ ಜೊತೆಯಲ್ಲೇ ಬಂತು.

ಮೊದಲು ಹೋದದ್ದು ಕೊಡಗಿನ ಅರಸರ ಸಮಾಧಿಗಳಿರುವ ಗದ್ದಿಗೆಗೆ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳ ಮೇಲೆ ಮಸೀದಿಯದರಂಥ ಗುಮ್ಮಟ, ಮೂಲೆಗಳಲ್ಲಿ ಕಾಲು ಮಡಚಿ ಕುಳಿತ ನಂದಿ. ಟಿಪ್ಪುವಿನ ವಿರುದ್ಧ ಹೋರಾಡಿದ ದಂಡನಾಯಕ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಅದೇ ಆವರಣದಲ್ಲಿವೆ. ಮನೆತನದ ಹಿರಿಯರ ನೆನಪಿಗೆ ಕೈಮಡವೆಂಬ ಪುಟ್ಟ ಗುಡಿ ಕಟ್ಟಿ ವರ್ಷಕ್ಕೊಮ್ಮೆ ಎಡೆಯಿಡುವ ನಾಡಿನಲ್ಲಿ ಇದು ಸಹಜವೇ. ಆದರೆ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಇಲ್ಲಿಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳಿಸಿತು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ಅವನು, ಕಂಪನಿ ವಶಪಡಿಸಿಕೊಂಡಿದ್ದ ಸಾಲಪತ್ರಗಳ ಹಣಕ್ಕಾಗಿ ಕಂಪನಿಯ ಮೇಲೆಯೇ ದಾವೆ ಹೂಡಿದ. ಕ್ರೂರಿಯೆಂದು ಹೆಸರಾದ ದೊರೆಯ ಮೇಲೆ ನನಗೆ ವಿಶೇಷ ಮಮತೆಯೇನೂ ಇಲ್ಲ. ಆದರೂ ಆ ಮೊಕದ್ದಮೆಯ ಗತಿ ಕಾಡುತ್ತದೆ. ಅವನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಕಂಪನಿ ರಾಜ್ಯಾಧಿಕಾರ ಚಲಾಯಿಸಿ ಮಾಡಿದ ಕೃತ್ಯ ನ್ಯಾಯಾಲಯದ ವಿಚಾರಣೆಗೆ ಒಳಪಡುವುದಿಲ್ಲವೆಂದು ಮರುವರ್ಷ ತೀರ್ಪು ಬಂತು. ಲಾಭ ಹಂಚುವಾಗ ವ್ಯಾಪಾರಿ, ಲೆಕ್ಕ ಕೇಳಿದಾಗ ಸರ್ಕಾರ! ನಮ್ಮ ಹಿರಿಯರು ‘ಕಂಪನಿ ಸರ್ಕಾರ’ ಎಂದು ಜೋಡಿಸಿ ಕರೆದದ್ದು ಸುಮ್ಮನೆ ಅಲ್ಲ.

ಭೋಪಾಲ್ ಮತ್ತೆ ನೆನಪಾದದ್ದು ಇಲ್ಲಿಯೇ. 1984ರ ಆ ರಾತ್ರಿಗೆ 1989ರಲ್ಲಿ 47 ಕೋಟಿ ಡಾಲರಿನ ರಾಜಿಯಾಯಿತು. 2010ರಲ್ಲಿ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡೆರಡು ವರ್ಷದ ಶಿಕ್ಷೆಯಾಯಿತು. ಅನಿಲ ಸೋರಿದ ಕಾರ್ಖಾನೆಯ ಒಡೆತನದ ಅಮೆರಿಕನ್ ಕಂಪನಿ ಯೂನಿಯನ್ ಕಾರ್ಬೈಡ್‌ನ ಮುಖ್ಯಸ್ಥನಾಗಿದ್ದ ವಾರನ್ ಆಂಡರ್ಸನ್ 2014ರಲ್ಲಿ ಸಾಯುವವರೆಗೂ ವಿಚಾರಣೆಗೆ ಹಾಜರಾಗಲೇ ಇಲ್ಲ. 2001ರಲ್ಲಿ ಆ ಕಂಪನಿಯನ್ನು ಕೊಂಡ ಡೌ ಎಂಬ ಇನ್ನೊಂದು ಅಮೆರಿಕನ್ ರಾಸಾಯನಿಕ ಕಂಪನಿ, ಹಳೆಯ ಹೊಣೆ ತನ್ನದಲ್ಲವೆಂದಿತು. ಈಸ್ಟ್ ಇಂಡಿಯಾ ಕಂಪನಿಯಂತೂ 1874ರಲ್ಲಿ ವಿಸರ್ಜನೆಯಾಗಿ, ಕೇಳಲು ಬಾಗಿಲೇ ಇಲ್ಲದಂತಾಯಿತು.

ಮಧ್ಯಾಹ್ನ ಕೋಟೆಗೆ ಹೋದೆ. ಗಾರೆಯ ಆನೆಗಳೆರಡರ ಮುಂದೆ ಶಾಲಾ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹುಡುಗ ಆನೆಯ ಸೊಂಡಿಲಿಗೆ ತನ್ನ ಟೋಪಿ ತೊಡಿಸಲು ಹವಣಿಸಿ ಮೇಷ್ಟರಿಂದ ಬೈಸಿಕೊಂಡ. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪನಿ ನಗದಿನಲ್ಲಿ ಕೇಳತೊಡಗಿದ್ದೂ ಕಾರಣವಾಗಿ ಅಮರಸುಳ್ಯದ ರೈತರು 1837ರಲ್ಲಿ ದಂಗೆಯೆದ್ದು ಮಂಗಳೂರಿನವರೆಗೆ ನಡೆದಿದ್ದರು. ಅವರ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಇದೇ ಕೋಟೆಯಲ್ಲಿ, ಮನೆಯವರ ಕಣ್ಣೆದುರೇ ಗಲ್ಲಿಗೇರಿಸಲಾಯಿತು. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ.

ಬಸ್ ನಿಲ್ದಾಣಕ್ಕೆ ಬಿಟ್ಟ ಆಟೊದವರು ಅರೆಭಾಷೆಯವರು, ಅಂದರೆ ಕೊಡಗು-ಸುಳ್ಯದ ಗೌಡರ ಕನ್ನಡ ಆಡುವವರು. ಪ್ರತಿಮೆಯ ವಿಷಯ ತೆಗೆದದ್ದೇ ತಡ, ಬ್ರೇಕಿನ ಮೇಲೆ ಕಾಲಿಟ್ಟು ‘ನಮ್ಮ ಅಪ್ಪಯ್ಯ ಗೌಡ್ರು’ ಎಂದು ಹಿಗ್ಗಿದರು.

‘ಅವರನ್ನು ಗಲ್ಲಿಗೇರಿಸಿದ ಅಧಿಕಾರಿ ಯಾರು ಅಣ್ಣ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ, ‘ಹೆಸರು ಗೊತ್ತಿಲ್ಲ ಸರ್. ಕಂಪನಿಯವ್ರು’ ಎಂದರು.

ನನಗೂ ಗೊತ್ತಿರಲಿಲ್ಲ.